ಹೊರಡುವ ಹಲಗೆಯ ಮೇಲೆ

ಲ್ಯಾಪ್‌ಟಾಪ್ ಕೊಳ್ಳಬೇಕು ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಬುದ್ಧಿ ಹೇಳುವವರು ಎಲ್ಲೆಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ನನಗೆ ಗಂಡು ಹುಡುಕುವಾಗಲೂ ಇಷ್ಟು ಜನ ಸಲಹೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೋ ಏನೋ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಕ್ಕೂರಿನ ನಮ್ಮ ಬೀದಿಯಲ್ಲಿ ಭಾನುಪ್ರಿಯ ಎಂದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಎಲ್ಲರಿಗೂ ಗೊತ್ತು. ಮೂಗೂ ಸ್ವಲ್ಪ ಉದ್ದವೇ ಇದೆ, ಜಾಗ ಧಾರಾಳ.

ಮನೆಯಲ್ಲಿ ಅವ್ವ ರೇಷ್ಮೆ ಹುಳ ಸಾಕುತ್ತಾಳೆ. ನಾನು ಬೆಳಿಗ್ಗೆ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ, ಮುಕ್ತಿಯಾರಣ್ಣನ ಬೊಂಬೆ ಕಾರ್ಖಾನೆಗೆ ಬರುತ್ತೇನೆ. ಕಾರ್ಖಾನೆ ಎಂದರೆ ಹೆಂಚು ಹೊದೆಸಿದ ಒಂದು ಉದ್ದನೆಯ ಕೋಣೆ, ಅದರಲ್ಲಿ ಸಾಲಾಗಿ ಮರ ತಿರುಗಿಸುವ ಲೇತ್‌ಗಳು. ನಾನು ಬೊಂಬೆಗಳ ಚಿತ್ರ ಬರೆಯುತ್ತೇನೆ, ಊರೂರು ತಿರುಗಿ ಗಿರಾಕಿ ಹುಡುಕುತ್ತೇನೆ. ಮುಕ್ತಿಯಾರಣ್ಣ ಹಾಲೆ ಮರದ ತುಂಡನ್ನು ಲೇತ್‌ಗೆ ಕೂರಿಸಿ, ಉಳಿ ಹಿಡಿದು, ನನ್ನ ಚಿತ್ರವನ್ನು ಕೈಗೆ ಸಿಗುವ ಹಾಗೆ ಮಾಡುತ್ತಾನೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕಡೆಯ ಕೈ ಅವನ ತಾಯಿ ಗುಲ್ಜಾರ್ ಬೀಯದು. ಕೇದಗೆಯ ಒಣ ಗರಿಯನ್ನು ಮಡಚಿಕೊಂಡು ಅವಳು ತಿಕ್ಕಲು ಕೂತರೆ ಬೊಂಬೆಯಲ್ಲಿ ಮುಖ ಕಾಣಬೇಕು, ಅಲ್ಲಿಯವರೆಗೆ ಬಿಡುವವಳಲ್ಲ.

ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದಿದೆ. ಮುಗಿದ ಬೊಂಬೆಗಳು ಬಂದು ಕೂರುವುದು ಅಲ್ಲಿ. ಅದಕ್ಕೆ ನಾವೆಲ್ಲ ಹೊರಡುವ ಹಲಗೆ ಎನ್ನುತ್ತೇವೆ. ಅದರ ಮೇಲೆ ಇಟ್ಟ ಯಾವ ವಸ್ತುವೂ ಗುಲ್ಜಾರ್ ಬೀಯ ಗರಿ ತಾಗದೆ ಹೊಸ್ತಿಲು ದಾಟುವ ಹಾಗಿಲ್ಲ. ಅದು ಅವಳ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಯಾರೂ ಯಾಕೆ ಎಂದು ಕೇಳಿದವರಲ್ಲ, ನಾನೂ ಕೇಳಿರಲಿಲ್ಲ.

ಲ್ಯಾಪ್‌ಟಾಪಿನ ಹುಚ್ಚು ಹತ್ತಿದ್ದು ಡೆಲ್ಲಿಯಿಂದ. ಎರಡು ಸಾವಿರದ ಆರರಲ್ಲಿ ಅಲ್ಲಿನ ಕರಕುಶಲ ಮೇಳಕ್ಕೆ ಹೋಗಿದ್ದೆ. ಹೊರದೇಶದ ಒಬ್ಬ ಹೆಂಗಸು, ಮಕ್ಕಳ ಸಾಮಾನು ಮಾರುವ ಕಂಪನಿಯವಳು, ನಮ್ಮ ಗಿಲಕಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು. ಹಿಡಿ ಇನ್ನೂ ಸ್ವಲ್ಪ ತೆಳ್ಳಗಾದರೆ ಹೇಗೆ ಕಾಣುತ್ತದೆ, ತೋರಿಸುತ್ತೀಯಾ ಎಂದಳು. ನಾನು ಪೆನ್ಸಿಲ್ಲಿನಿಂದ ಕಾಗದದ ಮೇಲೆ ಏನೋ ಗೀಚಿ ತೋರಿಸಿದೆ. ಆಕೆಗೆ ಅದು ಕಣ್ಣಿಗೆ ಕಟ್ಟಲಿಲ್ಲ. ಊರಿಗೆ ಹೋಗಿ ಕಂಪ್ಯೂಟರಿನಲ್ಲಿ ಮಾಡಿ ಕಳಿಸುತ್ತೇನೆ ಎಂದೆ. ಆಕೆ ನಕ್ಕು, ಗಿಲಕಿಯನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಪಕ್ಕದ ಸಾಲಿಗೆ ಹೋದಳು. ನಾನು ಊರು ಮುಟ್ಟಿ ಚಿತ್ರ ಕಳಿಸುವ ಹೊತ್ತಿಗೆ ಆರ್ಡರು ಬೇರೆ ಯಾರಿಗೋ ಹೋಗಿತ್ತು.

ಆ ವರ್ಷವೇ ನಮ್ಮ ಲೇತ್‌ಗಳು ಒಂದೊಂದಾಗಿ ನಿಂತವು. ಕೆಲಸಗಾರರು ಬಿಟ್ಟುಹೋದರು, ಅವರ ತಪ್ಪಲ್ಲ. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದು ನಿಂತಿದ್ದವು. ತಿಂಗಳಾದರೆ ಸಂಬಳ, ಯೂನಿಫಾರಂ, ಮಧ್ಯಾಹ್ನ ಊಟ. ನಮ್ಮಲ್ಲಿ ಆರ್ಡರು ಬಂದರೆ ಕೆಲಸ, ಇಲ್ಲದಿದ್ದರೆ ಬೀಡಿ. ಕಡೆಗೆ ಒಂದು ದಿನ ಮುಕ್ತಿಯಾರಣ್ಣನೂ ಉಳಿ ಕೆಳಗಿಟ್ಟು ನನ್ನ ಮುಖ ನೋಡದೆ ಹೇಳಿದ.

"ಭಾನಮ್ಮ, ಹಾರೋಹಳ್ಳೀಲಿ ನಮ್ಮ ಭಾಮೈದ ಅವ್ನಲ್ಲ, ಅವ್ನು ನಂಗೂ ಒಂದು ಕೆಲ್ಸ ಹೇಳವ್ನೆ. ಪ್ಯಾಕಿಂಗ್ ಸೆಕ್ಷನ್ನು. ಈ ಸಲ ಡೆಲ್ಲಿ ನೋಡೋವ. ಅಲ್ಲಿಂದ ಏನೂ ಬರ್ನಿಲ್ಲ ಅಂದ್ರೆ ಲೇತ್ ಮಾರ್ಬುಟ್ಟು ಹೋಯ್ತೀನಿ."

"ಪ್ಯಾಕಿಂಗಾ? ನಿನ್ನ ಕೈಗೆ ಪ್ಯಾಕಿಂಗಾ?" ಎಂದು ರೇಗಿದೆ.

"ಕೈಗೇನು ಗೊತ್ತಾಯ್ತದೆ? ಹೊಟ್ಟೆಗೆ ಗೊತ್ತಾಯ್ತದೆ."

ಹಾಗಾಗಿ ಆ ಮುಂದಿನ ಮೇಳಕ್ಕೆ ಬರಿಗೈಯಲ್ಲಿ ಹೋಗುವ ಮಾತೇ ಇರಲಿಲ್ಲ. ಗಿರಾಕಿ ಕೇಳಿದ್ದನ್ನು ಅವರ ಕಣ್ಣೆದುರೇ ಬದಲಾಯಿಸಿ ತೋರಿಸುವ ಮೆಷಿನ್ ನನಗೆ ಬೇಕಿತ್ತು. ಇದ್ದ ಹಣ ಒಂದೇ ಮೆಷಿನ್ನಿಗೆ ಆಗುವಷ್ಟು. ಆರಿಸುವುದರಲ್ಲಿ ತಪ್ಪಿದರೆ ಡೆಲ್ಲಿ ಕೈಬಿಡುತ್ತದೆ. ಡೆಲ್ಲಿ ಕೈಬಿಟ್ಟರೆ ಮುಕ್ತಿಯಾರಣ್ಣ ಹಾರೋಹಳ್ಳಿ ಬಸ್ಸು ಹತ್ತುತ್ತಾನೆ. ಇಷ್ಟೇ ಲೆಕ್ಕ.

ನನ್ನ ಚಿಕ್ಕಪ್ಪನ ಮಗ ದೀಪು ರಾಮನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ. ಅವನನ್ನು ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನು ಮೂರು ಮೆಷಿನ್ ತಂದು ಮೇಜಿನ ಮೇಲಿಟ್ಟ. ಮೊದಲನೆಯದು ದೊಡ್ಡ ಲ್ಯಾಪ್‌ಟಾಪ್, ನಾಲ್ಕು ಜನ ಕೂತು ಸಿನಿಮಾ ನೋಡುವಷ್ಟು ಅಗಲ. ಎರಡನೆಯದು ಕೀಬೋರ್ಡೇ ಇಲ್ಲದ ಬರೀ ಸ್ಲೇಟು. ಮೂರನೆಯದನ್ನು ನೋಡಿ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಮೇಲ್ನೋಟಕ್ಕೆ ಅದೂ ಲ್ಯಾಪ್‌ಟಾಪೇ. ಆದರೆ ಸ್ಕ್ರೀನು ನಡುವಿನ ಒಂದೇ ಕತ್ತಿನ ಮೇಲೆ ನಿಂತಿತ್ತು. ಅದನ್ನು ಹಿಡಿದು ಸುತ್ತ ತಿರುಗಿಸಿ ಕೀಬೋರ್ಡಿನ ಮೇಲೆ ಮಲಗಿಸಿದರೆ ಸ್ಲೇಟಾಗುತ್ತಿತ್ತು. ಜೊತೆಗೆ ಒಂದು ಪೆನ್ನು. ಆ ಪೆನ್ನಿನಿಂದ ಸ್ಕ್ರೀನಿನ ಮೇಲೆ ನೇರವಾಗಿ ಬರೆಯಬಹುದು.

"ಅಕ್ಕಾ, ಅದ್ನ ಮುಟ್ಬೇಡ," ಎಂದ ದೀಪು. "ಅದು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಒಂದೇ ಕತ್ತು. ಬಸ್ಸಲ್ಲಿ ಒಂದೇಟು ಬಿತ್ತು ಅಂದ್ರೆ ಲಟಕ್ ಅಂತದೆ. ನಿನ್ನ ತ್ರೀಡಿ ಸಾಫ್ಟ್‌ವೇರ್ ಹಾಕುದ್ರೆ ತೆವಳ್ತದೆ. ಕೆಲ್ಸಕ್ಕೆ ಅಂದ್ರೆ ಈ ದೊಡ್ಡದು. ಅದು ಆಟದ ಸಾಮಾನು ಕಣಕ್ಕ."

"ಲೋ, ನಾವು ಮಾಡೋದು ಏನ್ಲಾ ಮತ್ತೆ?"

ಅಂಗಡಿಯವನು ನಕ್ಕುಬಿಟ್ಟ. ದೀಪುವಿಗೆ ಮಾತ್ರ ನಗು ಬರಲಿಲ್ಲ. ತಾನು ಹೇಳಿದ್ದನ್ನು ಒಪ್ಪಿಸದೆ ಬಿಡುವ ಜಾಯಮಾನ ಅವನದಲ್ಲ, ನನ್ನ ರಕ್ತವೇ ತಾನೇ. ತನ್ನ ಹತ್ತಿರ ಅಂಥದ್ದೇ ದೊಡ್ಡ ಲ್ಯಾಪ್‌ಟಾಪ್ ಇದೆ, ಮೊದಲು ಅದನ್ನು ಒಂದು ದಿನ ಹೊತ್ತು ತಿರುಗು, ಆಮೇಲೆ ಮಾತಾಡು ಎಂದ. ಸರಿ ಎಂದೆ.

ಆ ವಾರ ಮಾಗಡಿಯ ಒಂದು ನರ್ಸರಿ ಶಾಲೆಯವರು ಎಣಿಕೆ ಮಣಿಗಳ ಚೌಕಟ್ಟು ಬೇಕೆಂದು ಕರೆದಿದ್ದರು. ದೀಪುವಿನ ದೊಡ್ಡ ಮೆಷಿನ್ನನ್ನು ಹೆಗಲಿಗೆ ಹಾಕಿಕೊಂಡು ರಾಮನಗರದಲ್ಲಿ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ನಿಂತೇ ಹೋದೆ, ಬ್ಯಾಗು ಒಂದೊಂದು ತಿರುವಿಗೂ ಒಬ್ಬೊಬ್ಬರ ಸೊಂಟಕ್ಕೆ ಬಡಿಯುತ್ತಿತ್ತು. "ಏನಮ್ಮಾ, ಬೀಸೋಕಲ್ಲು ತಗೊಂಡೋಯ್ತಾ ಇದ್ದೀಯಾ?" ಎಂದು ಒಬ್ಬಳು ಕೇಳಿಯೇಬಿಟ್ಟಳು. ಶಾಲೆಯಲ್ಲಿ ಕರೆಂಟು ಇರಲಿಲ್ಲ. ಮೆಷಿನ್ ಆನ್ ಆಗಿ, ಸಾಫ್ಟ್‌ವೇರ್ ತೆರೆದು, ಮೊದಲ ಮಣಿ ತಿರುಗುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ಹೆಡ್‌ಮಿಸ್ ಪಾಪ, ಒಳ್ಳೆಯವರು, ಕಪ್ಪುಹಲಗೆ ತೋರಿಸಿದರು. ಸೀಮೆಸುಣ್ಣದಲ್ಲಿ ಬರೆದು ತೋರಿಸಿ ಬಂದೆ.

ಮಾರನೆಯ ದಿನವೇ ಎಸ್.ಪಿ. ರಸ್ತೆಗೆ ಹೋಗಿ ಕತ್ತು ತಿರುಗುವುದನ್ನೇ ತಂದೆ. ಅಂಗಡಿಯವನು ಒಂದು ರಿಯಾಯಿತಿ ಕೊಟ್ಟಿದ್ದ. "ಶನಿವಾರದ ತನಕ ಇಟ್ಟುಕೊಂಡು ನೋಡಿ ಮೇಡಂ. ಸರಿಹೋಗದಿದ್ರೆ ವಾಪಸ್ ತನ್ನಿ, ದೊಡ್ಡದನ್ನೇ ಕೊಡ್ತೀನಿ. ಆದರೆ ಒಂದು ಗೀರು ಬಿದ್ದಿದ್ರೂ ವಾಪಸ್ ತಗೊಳ್ಳಲ್ಲ." ಭಾನುವಾರ ನನ್ನ ಡೆಲ್ಲಿ ರೈಲು. ಶನಿವಾರ ಎಂದರೆ ಕಡೆಯ ಗಡುವು.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ, ತಿರುಗಾಟಕ್ಕೆ ಅದು ಚಿನ್ನ. ಮರ ನೋಡಲು ಕನಕಪುರಕ್ಕೆ ಹೋದೆ, ಅಲ್ಲಿಂದ ರಟ್ಟಿನ ಪೆಟ್ಟಿಗೆ ಮಾಡಿಸಲು ಹಾರೋಹಳ್ಳಿಗೆ. ಬಸ್ಸಿನಲ್ಲಿ ತೊಡೆಯ ಮೇಲೆ ಸ್ಲೇಟಿನ ಹಾಗೆ ಮಲಗಿತ್ತು. ಪೆಟ್ಟಿಗೆ ಫ್ಯಾಕ್ಟರಿಯ ಮ್ಯಾನೇಜರು ನನಗೆ ಕೂರಲು ಕುರ್ಚಿ ಹೇಳಲಿಲ್ಲ; ನಾನು ನಿಂತಲ್ಲೇ ಎಡಗೈ ಮೇಲೆ ಮೆಷಿನ್ ಇಟ್ಟುಕೊಂಡು, ಬಲಗೈಯಲ್ಲಿ ಪೆಟ್ಟಿಗೆಯ ಚಿತ್ರ ಬರೆದು, ಅಳತೆ ಹಾಕಿ ತೋರಿಸಿದೆ. ಆಮೇಲೆ ಕುರ್ಚಿ ಬಂತು. ಸಂಜೆ ಚನ್ನಪಟ್ಟಣಕ್ಕೆ ವಾಪಸ್ ಬಂದಾಗಲೂ ಬ್ಯಾಟರಿಯಲ್ಲಿ ಉಸಿರಿತ್ತು.

ಭಾರದ ಕೆಲಸದಲ್ಲೂ ದೀಪು ಹೆದರಿಸಿದಷ್ಟು ಕೆಟ್ಟದಿರಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸ ಮಾಡುವ ರೀತಿ ಲೇತ್ ಇದ್ದ ಹಾಗೇ. ಬೊಂಬೆಯ ಅರ್ಧ ಹೊರರೇಖೆಯನ್ನು ಬರೆದುಕೊಟ್ಟರೆ ಅದು ಆ ಗೆರೆಯನ್ನು ಗರ್ರನೆ ಸುತ್ತಿಸಿ ಇಡೀ ಬೊಂಬೆ ಮಾಡಿಕೊಡುತ್ತದೆ, ಬಣ್ಣ ಹಚ್ಚುತ್ತದೆ, ನೆರಳು ಬೀಳಿಸುತ್ತದೆ. ದೊಡ್ಡ ಮೆಷಿನ್ ಕಣ್ಣು ಮಿಟುಕಿಸುವುದರಲ್ಲಿ ಮಾಡುವುದನ್ನು ಇದು ಹಾಲು ಉಕ್ಕುವಷ್ಟು ಹೊತ್ತು ತೆಗೆದುಕೊಂಡು ಮಾಡುತ್ತಿತ್ತು, ಕೆಳಗೆ ಸ್ವಲ್ಪ ಬಿಸಿಯೂ ಆಗುತ್ತಿತ್ತು. ಅಷ್ಟು ಹೊತ್ತು ಗಿರಾಕಿಯ ಜೊತೆ ಮಾತಾಡಲು ನನಗೆ ಬಾಯಿ ಇಲ್ಲವೇ?

ಎಡವಟ್ಟಾದದ್ದು ನಾನು ಮೆಚ್ಚಿ ತಂದ ಪೆನ್ನಿನಲ್ಲೇ. ಸ್ಕ್ರೀನಿನ ಮೇಲೆ ತೆಳುವಾದ ಒರಟು ಪದರವಿತ್ತು, ಬೆಳಕು ಹೊಡೆಯದಿರಲಿ, ಕಾಗದದ ಹಾಗಿರಲಿ ಎಂದು ಕಂಪನಿಯವರೇ ಹಾಕಿದ್ದು. ಅದು ಅಕ್ಷರ ಬರೆಯುವವರಿಗೆ ಸೈ. ಗಿಲಕಿಯ ಹಿಡಿಯ ಬಾಗನ್ನು ಒಂದೇ ಎಳೆತದಲ್ಲಿ ಎಳೆಯಬೇಕು, ಮುಕ್ತಿಯಾರಣ್ಣ ಉಳಿಯನ್ನು ಎತ್ತದೆ ಈ ತುದಿಯಿಂದ ಆ ತುದಿಗೆ ಜಾರಿಸುತ್ತಾನಲ್ಲ, ಹಾಗೆ. ನನ್ನ ಪೆನ್ನು ಮಧ್ಯದಲ್ಲಿ ಕಚ್ಚಿಕೊಳ್ಳುತ್ತಿತ್ತು. ಕಚ್ಚಿಕೊಂಡಲ್ಲಿ ಗೆರೆ ಮುರಿಯುತ್ತಿತ್ತು, ಮುರಿದ ಗೆರೆಯನ್ನು ಸುತ್ತಿಸಿದರೆ ಗಿಲಕಿಯ ಹಿಡಿಯಲ್ಲಿ ಒಂದು ಉಂಗುರ ಏಳುತ್ತಿತ್ತು. ಅಳಿಸಿ ಬರೆದೆ, ಮತ್ತೆ ಬರೆದೆ. ಶುಕ್ರವಾರ ಇಡೀ ದಿನ ಬರೆದೆ.

ಮುಕ್ತಿಯಾರಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮರದಲ್ಲಿ ಗಂಟು ಸಿಕ್ದಂಗೆ ಐತಲ್ಲ ಭಾನಮ್ಮ."

"ಮರದಲ್ಲಿ ಅಲ್ಲ, ನನ್ನ ಹಣೇಲಿ ಐತೆ," ಎಂದೆ.

ಶನಿವಾರ ಬೆಳಿಗ್ಗೆ ದೀಪು ಬೈಕಿನಲ್ಲಿ ಬಂದಿಳಿದ. ಬೆಂಗಳೂರಿಗೆ ಹೋಗುವವನಿದ್ದ, ಬೇಕಾದರೆ ಮೆಷಿನ್ ಬದಲಾಯಿಸಿ ತರುತ್ತೇನೆ ಎಂದ. ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು. ಸೋತೆ ಎನ್ನುವ ಮಾತು ನನ್ನ ಬಾಯಲ್ಲಿ ಹೊರಳುವುದಿಲ್ಲ. "ದೊಡ್ಡದರಲ್ಲಿ ಮೌಸ್ ಹಿಡಿದು ನಿಧಾನವಾಗಿ ಗೆರೆ ಎಳೆದರೂ ಆಗುತ್ತೆ, ಬದಲಾಯಿಸೋಣ ಬಿಡು," ಎಂದೆ. ಹೇಳುವಾಗ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಮೇಳದಲ್ಲಿ ಇಡೀ ದಿನ ನಿಂತಿರಬೇಕು. ಆ ಬೀಸೋಕಲ್ಲನ್ನು ಯಾವ ಕೈ ಮೇಲೆ ಇಟ್ಟುಕೊಳ್ಳಲಿ?

ಕೋಣೆಯ ತುಂಬ ಮರದ ಪುಡಿ ಹಾರುತ್ತಿತ್ತು. ಮೆಷಿನ್ನನ್ನು ಎಲ್ಲಿಡುವುದು ಎಂದು ನೋಡಿದೆ. ಬಾಗಿಲ ಪಕ್ಕದ ಹಲಗೆ ಒಂದೇ ಚೊಕ್ಕಟವಾಗಿತ್ತು. ಅಲ್ಲಿಟ್ಟು, ದೀಪುವನ್ನು ಕರೆದುಕೊಂಡು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದೆ.

ವಾಪಸ್ ಬರುವಾಗ ಹೊಸ್ತಿಲಲ್ಲೇ ನಿಂತುಬಿಟ್ಟೆ. ಗುಲ್ಜಾರ್ ಬೀ ಚಾಪೆಯ ಮೇಲೆ ಕೂತಿದ್ದಳು. ಮೆಷಿನ್ನನ್ನು ಮಗುವನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಕೇದಗೆ ಗರಿಯಿಂದ ಸ್ಕ್ರೀನನ್ನು ತಿಕ್ಕುತ್ತಿದ್ದಳು. ನಡುವೆ ರೊಟ್ಟಿಯಗಲದ ಜಾಗ ಥಳಥಳ ಹೊಳೆಯುತ್ತಿತ್ತು. ಒರಟು ಪದರ ಅಲ್ಲಿ ಹೇಳಹೆಸರಿಲ್ಲದೆ ಹೋಗಿತ್ತು.

"ಅಯ್ಯೋ! ಮುಗೀತು ಕಣಕ್ಕ," ಎಂದ ದೀಪು. "ಇನ್ನು ಆ ಅಂಗಡಿಯವ್ನು ಇದನ್ನ ಕೈಯಲ್ಲೂ ಮುಟ್ಟಾಕಿಲ್ಲ."

ನಾನು ಕೂಗಿಕೊಂಡೆ. "ಬೀಯಮ್ಮಾ! ಏನ್ ಮಾಡ್ಬುಟ್ಟೆ? ಯಾರ್ ಹೇಳಿದ್ರು ನಿಂಗೆ ತಿಕ್ಕು ಅಂತ?"

ಅವಳು ನಗುಮುಖದಿಂದಲೇ ತಲೆಯೆತ್ತಿದಳು. "ಹಲಗೆ ಮ್ಯಾಲೆ ಇತ್ತಲ್ಲ ಬೇಟಿ. ನೋಡುದ್ರೆ ಎಲ್ಲಾ ಮಬ್ಬು ಮಬ್ಬು. ಮಾಡ್ದೋರು ಯಾರೋ ಕೊನೆ ಕೈ ಮರ್ತವ್ರೆ ಅಂದ್ಕಂಡೆ. ಡೆಲ್ಲಿಗೆ ಹೋಗೋ ಸಾಮಾನು, ಹೊಳಪಿಲ್ದೆ ಎಂಗೆ ಕಳ್ಸೋದು? ಅದ್ಕೇ ಒಸಿ ತಿಕ್ದೆ."

"ಇದೇನು ಗಿಲಕಿನಾ, ಬುಗುರಿನಾ? ಹಾಳ್ ಮಾಡ್ಬುಟ್ಟೆಯಲ್ಲ! ನಾಳೆ ನಿನ್ನ ಮಗ ಲೇತ್ ಮಾರಿ ಹಾರೋಹಳ್ಳಿಗೆ ಹೋದ್ರೆ ನಿನ್ನ ಈ ಗರೀನೇ ಕಾರಣ, ತಿಳ್ಕೋ!"

ಅವಳ ನಗು ನಿಂತಿತು. ಮೆಷಿನ್ನನ್ನು ಎರಡು ಕೈಯಲ್ಲಿ ಎತ್ತಿ ನನ್ನ ಕಡೆ ನೀಡಿದಳು, ಗರಿಯನ್ನು ಚಾಪೆಯ ಅಡಿಗೆ ತಳ್ಳಿ ಎದ್ದು ಒಳಗೆ ಹೋದಳು. ಮುಕ್ತಿಯಾರಣ್ಣ ಲೇತ್ ನಿಲ್ಲಿಸಿದ್ದ.

"ಭಾನಮ್ಮ, ಆ ಹಲಗೆ ಮೇಲೆ ಇಟ್ಟೋರು ಯಾರು?" ಎಂದ. ಅಷ್ಟೇ ಕೇಳಿದ್ದು, ದನಿಯೂ ಏರಿರಲಿಲ್ಲ.

ಇಟ್ಟವಳು ನಾನೇ. ತಪ್ಪು ನನ್ನದಾದಾಗ ನನಗೆ ಕೋಪ ಇನ್ನೂ ಹೆಚ್ಚಾಗುತ್ತದೆ. ಮೆಷಿನ್ ಚೀಲಕ್ಕೆ ತುರುಕಿ, ಗಿಲಕಿಗಳ ಮಾದರಿಗಳನ್ನು ಇನ್ನೊಂದು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಅಕ್ಕೂರಿನ ಬಸ್ಸು ಹತ್ತಿದೆ.

ಭಾನುವಾರ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು. ಆಂಧ್ರದ ಬಯಲು ಓಡುತ್ತಿತ್ತು, ನಾನು ಮುಖ ಊದಿಸಿಕೊಂಡು ಕೂತಿದ್ದೆ. ಎದುರಿಗೆ ಕೂತಿದ್ದ ಕುಟುಂಬ ಪೂರಿ ಕೊಟ್ಟರೂ ತಿನ್ನಲಿಲ್ಲ. ಆಮೇಲೆ ಅನಿಸಿತು, ಹಾಳಾದದ್ದು ಹಾಳಾಯಿತು, ಇರುವುದು ಇದೊಂದೇ, ಇದರಲ್ಲೇ ಕೈ ಕೂರಿಸಬೇಕು. ಸ್ಕ್ರೀನು ತಿರುಗಿಸಿ ಮಲಗಿಸಿ ಪೆನ್ನು ತೆಗೆದೆ. ಗಿಲಕಿಯ ಹಿಡಿಯ ಬಾಗನ್ನು ಅಂಚಿನಿಂದ ಶುರುಮಾಡಿದೆ. ಕಚ್ಚಿಕೊಂಡಿತು. ಬೇಕೆಂದೇ ನಡುವಿನ ಹೊಳೆಯುವ ಜಾಗಕ್ಕೆ ಪೆನ್ನು ಇಟ್ಟೆ, ಅಲ್ಲಿ ಬರೆಯುತ್ತದೋ ಇಲ್ಲವೋ ನೋಡೋಣ ಎಂದು. ಗೆರೆ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋಯಿತು.

ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಎಳೆದೆ. ರೈಲು ಕುಲುಕುತ್ತಿದ್ದರೂ ಗೆರೆ ಮುರಿಯಲಿಲ್ಲ. ಸುತ್ತಿಸಿದೆ. ಹಾಲು ಉಕ್ಕುವಷ್ಟು ಹೊತ್ತಾಯಿತು, ಗಿಲಕಿ ಬಂದು ನಿಂತಿತು, ಹಿಡಿಯಲ್ಲಿ ಉಂಗುರವೂ ಇಲ್ಲ, ಗಂಟೂ ಇಲ್ಲ. ಪೆನ್ನನ್ನು ಗುರುತು ಹಿಡಿಯುವ ಸಾಮಾನು ಗಾಜಿನ ಒಳಗೆಲ್ಲೋ ಇತ್ತು, ಮೇಲಿನ ಪದರ ಹೋದರೆ ಅದಕ್ಕೇನೂ ಆಗಿರಲಿಲ್ಲ. ಹೋದದ್ದು ಒರಟು ಮಾತ್ರ. ನನಗೆ ನಗು ಬಂತು, ಅದರ ಹಿಂದೆಯೇ ನಾಚಿಕೆ. ಆ ಮುದುಕಿ ಮೆಷಿನ್ನನ್ನು ಎರಡು ಕೈಯಲ್ಲಿ ನೀಡಿದ್ದು ಕಣ್ಣ ಮುಂದೆ ಬಂದು ಪೆನ್ನು ಕೆಳಗಿಟ್ಟೆ. ಆಮೇಲೆ ಎದುರು ಸೀಟಿನವರ ಹತ್ತಿರ ನಾನೇ ಕೇಳಿ ಪೂರಿ ಇಸಿದುಕೊಂಡು ತಿಂದೆ.

ಮೇಳದಲ್ಲಿ ನಮ್ಮ ಮಳಿಗೆ ಕಳೆದ ವರ್ಷದ ಹಾಗೇ ಬಾಗಿಲಿನಷ್ಟು ಅಗಲ. ಕೂರಲು ಜಾಗವಿಲ್ಲ. ಬೆಳಿಗ್ಗೆಯಿಂದ ಮೆಷಿನ್ ಎಡಗೈ ಮೇಲಿತ್ತು. ಕೊಳ್ಳುವವರೂ ಬಂದರು, ಸುಮ್ಮನೆ ಮುಟ್ಟಿ ನೋಡುವವರೂ ಬಂದರು. ಎರಡನೆಯ ದಿನ ಆ ಹೆಂಗಸು ಬಂದಳು, ಕಳೆದ ವರ್ಷದವಳೇ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ಗಿಲಕಿಯ ಗುರುತು ಸಿಕ್ಕಿತು.

"ಇದರ ಹಿಡಿ ಇನ್ನೂ ತೆಳ್ಳಗಾದರೆ..." ಎಂದು ಶುರುಮಾಡಿದಳು.

ಒಂದು ವರ್ಷದಿಂದ ಆ ಮಾತಿಗೇ ಕಾಯುತ್ತಿದ್ದೆ. ಮೆಷಿನ್ನನ್ನು ಇಬ್ಬರ ನಡುವೆ ಹಿಡಿದು, ಹೊಳೆಯುವ ಜಾಗದಲ್ಲಿ ಒಂದೇ ಎಳೆತಕ್ಕೆ ಬಾಗು ಎಳೆದೆ. ಮೇಲಿನ ದೀಪ ಸ್ಕ್ರೀನಿಗೆ ಹೊಡೆಯಿತು. ಮೊಣಕೈ ಸ್ವಲ್ಪ ಓರೆ ಮಾಡಿದೆ, ಸರಿಹೋಯಿತು. ಮೆಷಿನ್ ಸುತ್ತಿಸುವಷ್ಟು ಹೊತ್ತು ಹಾಲೆ ಮರದ ವಿಷಯ ಹೇಳಿದೆ, ಮಗು ಬಾಯಿಗಿಟ್ಟುಕೊಂಡರೂ ತೊಂದರೆಯಾಗದ ಬಣ್ಣದ ವಿಷಯ ಹೇಳಿದೆ. ಗಿಲಕಿ ಎದ್ದು ನಿಂತಿತು. ಅವಳು ಬಗ್ಗಿ ನೋಡಿದಳು. ತಲೆಯ ಕಡೆ ಇನ್ನಷ್ಟು ಗುಂಡಗೆ ಎಂದಳು, ಮಾಡಿದೆ. ಹಸಿರಾದರೆ ಎಂದಳು, ಹಸಿರು ಮಾಡಿದೆ. ಹಿಡಿಯ ತುದಿಯಲ್ಲಿ ಇನ್ನೊಂದು ಸಣ್ಣ ಗುಂಡು ಬೇಕು, ಮಗುವಿನ ಕೈಯಿಂದ ಜಾರಬಾರದು ಎಂದಳು. ಅದು ಒಳ್ಳೆಯ ಮಾತು, ನನಗೇ ಹೊಳೆಯಬೇಕಿತ್ತು. ಸ್ಕ್ರೀನು ಎತ್ತಿ, ಕತ್ತಿನ ಮೇಲೆ ತಿರುಗಿಸಿ ಅವಳ ಕಡೆ ಮುಖಮಾಡಿ ಮೇಜಿನ ಮೇಲೆ ಇಟ್ಟೆ. ಪಕ್ಕದ ಸಾಲಿಗೆ ಹೋಗುವ ಮನಸ್ಸು ಈ ಸಲ ಅವಳಿಗೆ ಇರಲಿಲ್ಲ.

ಹೊರಡುವ ಮೊದಲು ಸ್ಕ್ರೀನಿನ ನಡುವಿನ ಹೊಳೆಯುವ ಜಾಗಕ್ಕೆ ಬೆರಳು ತೋರಿಸಿ ಇದೇನು ಎಂದಳು.

"ನಮ್ಮಲ್ಲಿ ಹೊರಗೆ ಹೋಗೋ ಪ್ರತಿಯೊಂದಕ್ಕೂ ಇದನ್ನು ಮಾಡಿಯೇ ಕಳಿಸುತ್ತಾರೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸುವಷ್ಟು ಬಿಡುವು ನನಗೂ ಇರಲಿಲ್ಲ, ಬೇರೆ ಗಿರಾಕಿಗಳು ನಿಂತಿದ್ದರು.

ಮೊದಲು ಮಾದರಿಗಳು ಬೇಕು, ತಿಂಗಳ ಕೊನೆಯೊಳಗೆ ಕೈಸೇರಬೇಕು, ಒಪ್ಪಿಗೆಯಾದರೆ ಇಡೀ ವರ್ಷದ ಕೆಲಸ. ಸಂಜೆ ಮುಕ್ತಿಯಾರಣ್ಣನಿಗೆ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದೆ.

"ಭಾಮೈದಂಗೆ ಬರಾಕಿಲ್ಲ ಅಂತ ಹೇಳ್ತೀನಿ," ಎಂದ. ಆಮೇಲೆ, "ಆದ್ರೆ ಒಂದು ತೊಂದ್ರೆ ಐತೆ ಭಾನಮ್ಮ. ನೀನು ಹೋದಾಗಿಂದ ಅಮ್ಮ ಗರಿ ಮುಟ್ಟಿಲ್ಲ. ಹಲಗೆ ತುಂಬೋಗೈತೆ. ಎಲ್ಲಾ ಮಬ್ಬಾಗೇ ಕುಂತವೆ. ನಾನು ತಿಕ್ಕುದ್ರೆ ಆ ಹೊಳಪು ಬತ್ತಾ ಇಲ್ಲ. ಕೇಳುದ್ರೆ, ನನ್ನ ಕೈ ಸರಿ ಇಲ್ಲ ಕಣಪ್ಪ ಅಂತಾಳೆ," ಎಂದ.

ಮಬ್ಬು ಗಿಲಕಿಯನ್ನು ಮಾದರಿ ಎಂದು ಕಳಿಸಿದರೆ ಆ ಹೆಂಗಸು ಅದನ್ನು ಮತ್ತೆ ಮೆತ್ತಗೆ ಮೇಜಿನ ಮೇಲಿಡುತ್ತಾಳೆ. ಡೆಲ್ಲಿಯಲ್ಲಿ ಗೆದ್ದದ್ದನ್ನು ನನ್ನ ಬಾಯಿ ಚನ್ನಪಟ್ಟಣದಲ್ಲಿ ಸೋತು ಕೂತಿತ್ತು. ರೈಲು ಇಳಿದವಳು ಮನೆಗೆ ಹೋಗಲಿಲ್ಲ, ನೇರ ಕಾರ್ಖಾನೆಗೆ ಬಂದೆ. ವಿಷಯ ತಿಳಿದು ದೀಪುವೂ ಬಂದು ಕೂತಿದ್ದ. ಫೋನಿನಲ್ಲಿ ಹೇಳಿದ ಹಾಗೆ ಮಾಡಿದ ಹೊಸ ಹಸಿರು ಗಿಲಕಿಗಳು, ಬುಗುರಿಗಳು, ಎಲ್ಲವೂ ಹೊರಡುವ ಹಲಗೆಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ಗುಲ್ಜಾರ್ ಬೀ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮತ್ತೆ ಮೊರಕ್ಕೆ ಬಗ್ಗಿದಳು.

ಹಲಗೆಯ ಮೇಲಿನ ಬೊಂಬೆಗಳನ್ನು ಪಕ್ಕಕ್ಕೆ ಸರಿಸಿದೆ. ಚೀಲದಿಂದ ಮೆಷಿನ್ ತೆಗೆದು, ಸ್ಕ್ರೀನು ತಿರುಗಿಸಿ ಮೇಲ್ಮುಖವಾಗಿ ಮಲಗಿಸಿ, ಆ ಖಾಲಿ ಜಾಗದಲ್ಲಿ ಇಟ್ಟೆ.

"ಬೀಯಮ್ಮಾ, ಇದು ಅರ್ಧಕ್ಕೇ ನಿಂತೈತೆ. ಮಧ್ಯ ಎಣ್ಣೆಯಂಗೆ ಹೋಯ್ತದೆ, ಮೂಲೇಲಿ ಪೆನ್ನು ಕಚ್ಕತದೆ. ನೀನು ತಿಕ್ಕಿದ್ದ ಜಾಗದಲ್ಲೇ ಕಣಮ್ಮ ನಂಗೆ ಆರ್ಡರ್ ಸಿಕ್ಕಿದ್ದು. ಉಳಿದಿದ್ದನ್ನ ತಿಕ್ಕಿಕೊಡು."

"ಅಕ್ಕಾ!" ಎಂದು ದೀಪು ಎದ್ದು ನಿಂತ.

"ನೀನು ಕೂತ್ಕೋ," ಎಂದೆ.

ಗುಲ್ಜಾರ್ ಬೀ ಮೊರ ಕೆಳಗಿಟ್ಟಳು. ನನ್ನನ್ನೂ ಹಲಗೆಯನ್ನೂ ನೋಡಿದಳು. "ಆಮ್ಯಾಲೆ ಬೈಯಾಕಿಲ್ಲ ತಾನೆ?"

"ಬೈತೀನಿ. ಮೂಲೆ ಬುಟ್ರೆ ಬೈತೀನಿ."

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. ಎದ್ದು ಬಂದು ಚಾಪೆಯ ಅಡಿಗೆ ಕೈಹಾಕಿ ಗರಿ ತೆಗೆದಳು, ಮುರಿದಿದೆಯೇ ಎಂದು ಬಗ್ಗಿಸಿ ನೋಡಿದಳು, ಮಡಚಿದಳು. ಮೆಷಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಡಗಡೆಯ ಮೂಲೆಯಿಂದ ಶುರುಮಾಡಿದಳು. ದೀಪು ಕಣ್ಣು ಮುಚ್ಚಿಕೊಂಡ. ಮುಕ್ತಿಯಾರಣ್ಣ ನೋಡಿಯೂ ನೋಡದವನ ಹಾಗೆ ಲೇತ್ ಚಾಲೂ ಮಾಡಿದ.

ನಾಲ್ಕೂ ಮೂಲೆ ಮುಗಿದ ಮೇಲೆ ಮೆಷಿನ್ನನ್ನು ಬಾಗಿಲ ಬೆಳಕಿಗೆ ಹಿಡಿದಳು. ಸ್ಕ್ರೀನಿನ ತುಂಬ ಅವಳ ಮುಖ ಕಾಣುತ್ತಿತ್ತು. ಕೆನ್ನೆಗೆ ಹತ್ತಿದ್ದ ಪುಡಿಯನ್ನು ಅದರಲ್ಲೇ ನೋಡಿಕೊಂಡು ಒರೆಸಿದಳು, ಮೆಷಿನ್ನನ್ನು ಹಲಗೆಯ ಮೇಲೆ ವಾಪಸ್ ಇಟ್ಟಳು. ಆಮೇಲೆ ಯಾರೂ ಹೇಳದೆ ಕೈಚಾಚಿ ಪಕ್ಕದಲ್ಲಿದ್ದ ಹಸಿರು ಗಿಲಕಿಯನ್ನು ತೆಗೆದುಕೊಂಡಳು.